ಲಾಲ್‌ಬಾಗಿನಲ್ಲೊಂದು ಕಾವ್ಯಪಾಠ

ಕಾವ್ಯದಲ್ಲಿ ಬರುವ ಅಶೋಕಕ್ಕೆ ‘ಒಂದು ಜಾತಿಯ ಮರ’ ಎಂದು ಅರ್ಥ ಬರೆಯಿಸಿ ಮುಂದೆ ಸಾಗುವುದು ತರಗತಿಗಳಲ್ಲಿ ವಾಡಿಕೆಯಾಗಿದೆ. ವಿದ್ಯಾರ್ಥಿಯಾದರೋ ಬೀದಿಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಮರವನ್ನೇ ಅಶೋಕವೆಂದು ನಂಬಿರುತ್ತಾನೆ. ಕೆಂಬಣ್ಣದ ಹೂಗೊಂಚಲುಗಳ ನಿಜವಾದ ಅಶೋಕವು ಬೇರೆಯೇ ಆಗಿದೆ. ಕಾಣದ ಮರದ ಉಪಮೆ ಮನಕ್ಕೆ ಎಟುಕುವುದೆಂತು?

1760ರಲ್ಲಿ ಹೈದರಾಲಿಯು ಆರಂಭಿಸಿ, ಟಿಪ್ಪುಸುಲ್ತಾನನು ದೇಶವಿದೇಶಗಳ ಸಸ್ಯಗಳನ್ನು ತರಿಸಿ ಬೆಳೆಸಿದ ಬೆಂಗಳೂರಿನ ಲಾಲ್‌ಬಾಗು 240 ಎಕರೆಯ ಜೀವಂತ ನಿಘಂಟೇ ಸರಿ. ಆದರೆ ಬೆಳಗಾವಿಯಿಂದ ಹೋಗುವ ಶಾಲಾಪ್ರವಾಸಗಳು ಗಾಜಿನ ಮನೆಯೆದುರು ಭಾವಚಿತ್ರ ತೆಗೆಯಿಸಿ ಅರ್ಧ ಗಂಟೆಯಲ್ಲಿ ಹಿಂದಿರುಗುವುದುಂಟು. ಬೇರೆರಡು ಸ್ಥಳಗಳನ್ನು ಬಿಟ್ಟಾದರೂ ಅಲ್ಲಿ ನಿಂತು, ಮರದ ಬುಡದಲ್ಲೇ ಪದ್ಯವನ್ನು ಓದಿಸಬೇಕು. ದಾನಿಗಳು ಮನಸ್ಸು ಮಾಡಿದರೆ ಶಿವಬಸವ ನಗರದ ನಮ್ಮ ಶಾಲೆಯಂಗಳದಲ್ಲೂ ಒಂದು ಅಶೋಕವು ಚಿಗುರೀತು.