ಮಾನ್ವಿಯಿಂದ ಆಸ್ಕರ್‌ಗೆ ಮೂರು ಕೊಂಡಿ

ಈ ಸಂಚಿಕೆಯಿಂದ ಕೊನೆಯ ಪುಟವನ್ನು ಆಟಕ್ಕೆ ಬಿಟ್ಟುಕೊಟ್ಟಿದ್ದೇವೆ. ಎರಡು ಹೆಸರು ನಾವು ಕೊಡುತ್ತೇವೆ, ನಡುವಿನ ಕೊಂಡಿಗಳನ್ನು ಓದುಗರು ಹಾಕಬೇಕು. ಸಿನಿಮಾ, ನಾಟಕ, ಹಾಡು, ಯಾವುದಾದರೂ ನಡೆದೀತು. ಸಾಹಿತ್ಯ ಪತ್ರಿಕೆಗೆ ಇದೆಲ್ಲ ಯಾಕೆ ಎಂದು ಮೂಗು ಮುರಿಯುವವರಿಗೆ ಮಾನ್ವಿಯನ್ನೇ ತೋರಿಸುತ್ತೇನೆ. ಆ ತಾಲ್ಲೂಕಿನ ಹಿರೇಕೊಟ್ನೆಕಲ್ ಹತ್ತಿರ ಅಮರೇಶ್ವರ ಕ್ಯಾಂಪ್ ಇದೆ. ಎಸ್.ಎಸ್. ರಾಜಮೌಳಿ ಹುಟ್ಟಿದ್ದು ಅಲ್ಲಿ, 1973ರ ಅಕ್ಟೋಬರ್ 10ರಂದು. ಅವರ ‘ಆರ್‌ಆರ್‌ಆರ್’ ಚಿತ್ರದ ಹಾಡಿಗೆ 2023ರಲ್ಲಿ ಆಸ್ಕರ್ ಬಂತು. ಕ್ಯಾಂಪ್, ರಾಜಮೌಳಿ, ಆರ್‌ಆರ್‌ಆರ್: ಮೂರೇ ಕೊಂಡಿ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆಸ್ಕರ್ ಅಲ್ಲ, ಕ್ಯಾಂಪು. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗೋದಾವರಿ ಸೀಮೆಯ ಕಡೆಯಿಂದ ರೈತರು ಬಂದರು. ಜೋಳದ ಎರೆ ಹೊಲ ಕೊಂಡು ಭತ್ತ ಹಚ್ಚಿದರು, ಬದಿಯಲ್ಲೇ ಮನೆ ಕಟ್ಟಿಕೊಂಡರು. ಕೊವ್ವೂರಿನ ರಾಜಮೌಳಿ ಕುಟುಂಬ ಮಾನ್ವಿಗೆ ಬಂದದ್ದೂ ಬೇಸಾಯಕ್ಕೇ. ಕಾಲುವೆಯನ್ನು ಬಿಟ್ಟು ಹೇಳಿದರೆ ಇದು ಬರೀ ರಸಪ್ರಶ್ನೆಯ ತುಣುಕು. ಕಾಲುವೆ ಸೇರಿಸಿ ಹೇಳಿದರೆ ರಾಯಚೂರು ಜಿಲ್ಲೆಯ ಅರ್ಧ ಚರಿತ್ರೆ ಬಂದಂತೆ. ಆದ್ದರಿಂದ ನಮ್ಮ ಪುಟದ ಮೊದಲ ನಿಯಮ: ಕೊಂಡಿ ಹಾಕಿದವರು ಕಾರಣವನ್ನೂ ಬರೆಯಬೇಕು.

ಸರಪಳಿ ಆಸ್ಕರ್‌ಗೇ ನಿಲ್ಲಬೇಕಿಲ್ಲ. ರಾಜಮೌಳಿಯವರ ತಂದೆ ವಿಜಯೇಂದ್ರ ಪ್ರಸಾದ್ 1996ರಲ್ಲಿ ವಿಷ್ಣುವರ್ಧನ್ ಅವರ ‘ಅಪ್ಪಾಜಿ’ಗೆ ಕಥೆ ಕೊಟ್ಟವರು. ಅದಕ್ಕೆ ಸಂಗೀತ ಎಂ.ಎಂ. ಕೀರವಾಣಿ, ಮುಂದೆ ಆಸ್ಕರ್ ಹಿಡಿದವರು. 2009ರಲ್ಲಿ ಸುದೀಪ್ ರಾಜಮೌಳಿಯವರ ‘ವಿಕ್ರಮಾರ್ಕುಡು’ವನ್ನು ‘ವೀರ ಮದಕರಿ’ ಮಾಡಿದರು. 2012ರಲ್ಲಿ ಅದೇ ರಾಜಮೌಳಿ ಸುದೀಪರನ್ನು ‘ಈಗ’ಕ್ಕೆ ಕರೆದು ನೊಣದ ಕೈಯಲ್ಲಿ ಕೊಲ್ಲಿಸಿದರು.

ರಾಯಚೂರಿಗೆ ಇಂಥ ಆಟ ಹೊಸತೇನೂ ಅಲ್ಲ. ಅಂತ್ಯಾಕ್ಷರಿ ಎಲ್ಲ ಕಡೆ ಇದೆ, ಉರ್ದುವಿನಲ್ಲಿ ಬೈತ್‌ಬಾಜಿ ಇದೆ. ಒಬ್ಬರ ಶೇರ್ ಯಾವ ಅಕ್ಷರಕ್ಕೆ ಮುಗಿಯುತ್ತದೋ ಆ ಅಕ್ಷರದಿಂದ ಮತ್ತೊಬ್ಬರು ಶೇರ್ ಎತ್ತಬೇಕು. ಉರ್ದು ಶೇರ್‌ಗಳು ಹೆಚ್ಚಾಗಿ ‘ಹೈ’ ಎಂದೇ ಮುಗಿಯುವುದರಿಂದ ‘ಯೆ’ ಅಕ್ಷರಕ್ಕೆ ಬರ. ಕನ್ನಡದವರಿಗೆ ‘ಳ’ದ ಕಾಟ, ಆ ಅಕ್ಷರದಿಂದ ಶುರುವಾಗುವ ಹಾಡೆಲ್ಲಿ? ‘ಲ’ಕ್ಕೆ ರಾಜಿಯಾಗಲೇಬೇಕು. ಕನ್ನಡಕ್ಕೆ ಗಜಲ್ ತಂದ ಶಾಂತರಸರು ರಾಯಚೂರಿನವರಾದದ್ದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ. ಉರ್ದು ಇಲ್ಲಿ ಓಣಿಯ ಭಾಷೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮೂವರು ಕಾಲೇಜು ಹುಡುಗರು 1994ರಲ್ಲಿ ಒಂದು ಆಟ ಹುಟ್ಟಿಸಿದರು. ಯಾವ ನಟನ ಹೆಸರು ಹೇಳಿದರೂ ಆರು ಚಿತ್ರಗಳೊಳಗೆ ಕೆವಿನ್ ಬೇಕನ್ ಎಂಬ ನಟನನ್ನು ಮುಟ್ಟಬೇಕು. ಕನ್ನಡದ ಬೇಕನ್ ಯಾರು? ಥಟ್ಟನೆ ಬರುವ ಹೆಸರು ರಾಜ್‌ಕುಮಾರ್. ನನ್ನ ಮತ ಟಿ.ಎನ್. ಬಾಲಕೃಷ್ಣ ಅವರಿಗೆ. ನಾಯಕರು ತಮ್ಮ ತಮ್ಮ ಚಿತ್ರಗಳಲ್ಲಿ ಇರುತ್ತಾರೆ, ಪೋಷಕ ನಟರು ಎಲ್ಲರ ಚಿತ್ರಗಳಲ್ಲೂ ಇರುತ್ತಾರೆ. ಮೇಲಾಗಿ ನಮ್ಮಂಥ ಗಡಿಯೂರಿನಲ್ಲಿ ಆಡುವಾಗ ರಾಜ್ ಅವರಿಂದ ತೆಲುಗಿಗೆ ದಾಟಲು ಒಂದೇ ಬಾಗಿಲು: 1954ರ ಕಾಳಹಸ್ತಿ ಮಹಾತ್ಮ್ಯ, ‘ಬೇಡರ ಕಣ್ಣಪ್ಪ’ದ ತೆಲುಗು ರೂಪ. ಅವರು ನಾಯಕರಾಗಿ ನಟಿಸಿದ ತೆಲುಗು ಚಿತ್ರ ಅದೊಂದೇ.

ಇನ್ನು ದೇವದುರ್ಗ. ಸಿನಿಮಾ ಒಂದನ್ನೇ ನೆಚ್ಚಿದರೆ ಇಲ್ಲಿ ಆಟ ಕಟ್ಟಿತು ಎನ್ನುವವರುಂಟು. ದಾಸರನ್ನು ಕರೆದರೆ ತಾನೇ ಬಿಚ್ಚಿಕೊಳ್ಳುತ್ತದೆ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು ಗೋಪಾಲದಾಸರು. ಅವರ ಗುರು ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆ ಎರೆದದ್ದು ಬ್ಯಾಗವಾಟದ ಜಗನ್ನಾಥದಾಸರಿಗೆ ಎಂಬುದು ಪ್ರತೀತಿ. ಆ ಊರೂ ಮಾನ್ವಿ ತಾಲ್ಲೂಕಿನದೇ. ಕೊಂಡಿ ಎಂದರೆ ಹೀಗಿರಬೇಕು, ಆಯುಷ್ಯವನ್ನೇ ಕೊಟ್ಟು ಬೆಸೆದದ್ದು. ವಿಜಯದಾಸರಿಗೆ ಕನಸಿನಲ್ಲಿ ಅಂಕಿತ ಕೊಟ್ಟವರು ಪುರಂದರದಾಸರು ಎನ್ನುತ್ತದೆ ಪರಂಪರೆ. ಪುರಂದರದಾಸರ ಪದಗಳನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಭೀಮಸೇನ ಜೋಶಿ ಒಬ್ಬರು. ಜೋಶಿಯವರು 1966ರಲ್ಲಿ ‘ಸಂಧ್ಯಾರಾಗ’ಕ್ಕೆ ಹಾಡಿದರು, ಅ.ನ.ಕೃ. ಅವರ ಕಾದಂಬರಿ, ನಾಯಕ ರಾಜ್‌ಕುಮಾರ್. ರಾಜ್ 1970ರಲ್ಲಿ ಪಂತುಲು ಅವರ ‘ಶ್ರೀ ಕೃಷ್ಣದೇವರಾಯ’ದಲ್ಲಿ ರಾಯನಾದರು. ಆ ರಾಯ 1520ರಲ್ಲಿ ಆದಿಲಶಾಹಿಯನ್ನು ಸೋಲಿಸಿ ಗೆದ್ದದ್ದು ನಮ್ಮ ರಾಯಚೂರು ಕೋಟೆಯನ್ನು. ದೇವದುರ್ಗದಿಂದ ಹೊರಟವರು ರಾಯಚೂರಿಗೆ ಬಂದು ಇಳಿದೆವು. ಬಸ್ಸಿನಲ್ಲಿ ಇಷ್ಟು ಸುತ್ತು ಬೇಕಿರಲಿಲ್ಲ, ಒಪ್ಪುತ್ತೇನೆ.

ಇನ್ನೆರಡು ನಿಯಮ. ಹೆಸರಿನ ಹೋಲಿಕೆ ಕೊಂಡಿಯಲ್ಲ. ದೇವದುರ್ಗದಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ‘ನಾಗರಹಾವು’ಗೆ ಹಾರಿದ ಉತ್ತರಗಳನ್ನು ಅಚ್ಚು ಹಾಕುವುದಿಲ್ಲ. ಮಸ್ಕಿಯ ಅಶೋಕನ ಶಾಸನದಿಂದ ತೆರೆಯ ಮೇಲೆ ಅಶೋಕನಾದ ಶಾರುಖ್ ಖಾನ್‌ಗೆ ಒಂದೇ ಜಿಗಿತ ಎಂಬುದು ನಮಗೂ ಗೊತ್ತು, ಅದೂ ಬೇಡ. ಎರಡನೆಯದು, ಯಾವ ಭಾಷೆಯ ಚಿತ್ರವಾದರೂ ಅಡ್ಡಿಯಿಲ್ಲ, ವಿವರಣೆ ಕನ್ನಡದಲ್ಲಿರಲಿ.

ಈ ಸಲದ ತುದಿಗಳು: ದೇವದುರ್ಗ ತಾಲ್ಲೂಕಿನ ಗಬ್ಬೂರು ಮತ್ತು ಗುಬ್ಬಿ ವೀರಣ್ಣ. ಎಂಟು ಕೊಂಡಿ ಮೀರಬಾರದು. ಸುಳಿವು ಮೇಲೆಯೇ ಎಲ್ಲೋ ಇದೆ.