ಹಿಡಿ ಬದಲಿಸಿದರೆ ಗದ್ದೆ ಉಳಿದೀತೆ?

ಬೇಟೆ ರೈಫಲ್ಲಿನ ಮರದ ಹಿಡಿಯನ್ನು ಕಳಚಿ ಫೈಬರ್‌ಗ್ಲಾಸಿನದನ್ನು ಕೂರಿಸಿದರೆ ಗುರಿ ನಿಖರವಾಗುತ್ತದೆ ಎನ್ನುವವರ ಮಾತಿನಲ್ಲಿ ಸುಳ್ಳಿಲ್ಲ. ಅಕ್ರೋಟಿನದಾದರೂ ಮರ ಮರವೇ. ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಸೊರಗುತ್ತದೆ. ಉಬ್ಬಿದ ಮರ ನಳಿಗೆಯನ್ನು ಒಂದು ಮಗ್ಗುಲಿಗೆ ಒತ್ತಿದರೆ ಗುಂಡು ತಗಲುವ ಜಾಗವೇ ಬದಲಾಗುತ್ತದೆ. (ನಳಿಗೆಗೆ ತಾಗುವ ಮರವನ್ನು ತುಸು ಕೆತ್ತಿ, ಒಳಮೈಗೆ ಎಣ್ಣೆ ಕುಡಿಸಿದರೂ ತೊಂದರೆ ಬಹಳಷ್ಟು ತಗ್ಗುತ್ತದೆ, ಹೊಸ ಹಿಡಿ ಮಾರುವವನು ಅದನ್ನೇಕೆ ಹೇಳಿಯಾನು?)

ಆದರೆ ಮಲೆನಾಡಿನಲ್ಲಿ ಈ ನಿಖರತೆ ಯಾರಿಗೆ ಬೇಕು? ಬೆಳೆ ಕಾಯಲೆಂದು ರೈತರು ಪರವಾನಗಿ ಪಡೆದಿರುವುದು ಬಹುಪಾಲು ಕೇಪಿನ ಕೋವಿ, ಇಲ್ಲವೆ ತೋಟಾ ಕೋವಿ. ಅವುಗಳ ಚರೆ ಹಾರುತ್ತಲೇ ಹರಡುತ್ತದೆ. ಹಿಡಿ ಯಾವುದಾದರೂ ಒಂದೇ. ಗದ್ದೆಗಿಳಿದ ಹಂದಿಯನ್ನು ಬೆದರಿಸುವುದು ಸದ್ದು. ದೂರದ ಕಡವೆಯ ಎದೆಗೆ ಗುರಿಯಿಡುವವನಿಗೆ ಮಾತ್ರ ಅಂಗುಲದ ಲೆಕ್ಕ. ಅದು ಬೆಳೆರಕ್ಷಣೆಯಲ್ಲ, ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೆಯ ಕಲಮು ನಿಷೇಧಿಸಿರುವ ಕೃತ್ಯ.

ಬೆಳೆ ಹಾಳುಗೆಡಹುವ ಪ್ರಾಣಿಯನ್ನು ಕೊಲ್ಲಲೇಬೇಕಾದಾಗ ಲಿಖಿತ ಅನುಮತಿ ನೀಡಲು ಅದೇ ಕಾಯಿದೆಯ 11ನೆಯ ಕಲಮಿನಲ್ಲಿ ಅವಕಾಶವಿದೆ. ಆ ಅನುಮತಿ ಫಸಲು ಮುಗಿಯುವ ಮುನ್ನವೇ ಕೈಸೇರಲೆಂದು ಗ್ರಾಮಸಭೆಯಲ್ಲಿ ಪಟ್ಟು ಹಿಡಿಯಬೇಕಾದವರು ಕೋವಿಯ ಹಿಡಿ ಹುಡುಕುತ್ತ ಪೇಟೆ ಸುತ್ತುವುದೇಕೆ?