ದುಡ್ಡು ಬಂದಾಗ ಕುರ್ಚಿ ಖಾಲಿ ಇತ್ತು

1/8
ಪೋಸ್ಟ್ ಉದ್ದ ಐತಿ, ಮೊದಲೇ ಹೇಳಿಬಿಡ್ತೀನಿ. ಸ್ವೈಪ್ ಮಾಡ್ಕೋತ ಓದ್ರಿ. ಈಗ ಟೈಮ್ ಇಲ್ಲಾಂದ್ರ ಸೇವ್ ಮಾಡಿ ಇಟ್ಕೊಳ್ರಿ.

ಕೋವಿಡ್ ಬಂದಾಗ ನಮ್ಮ ಬ್ಯಾಚಿನ ಬಹಳ ಮಂದಿ ಎಂಟು, ಒಂಬತ್ತನೇ ಕ್ಲಾಸಿನ್ಯಾಗ ಇದ್ವಿ. ನಮಗೆ ನೆನಪಿರೋದು ಮಾಸ್ಕು, ಆನ್‌ಲೈನ್ ಕ್ಲಾಸು, ಪರೀಕ್ಷೆ ಇಲ್ಲದ ಪಾಸು. ದೊಡ್ಡವರ ಬಾಯಾಗ ಇವತ್ತಿಗೂ ಬರೋ ಮಾತು ಬ್ಯಾರೆ: "ಸರ್ಕಾರ ಆಗ ಭಾಳ ರೊಕ್ಕ ಕೊಟ್ಟೈತಿ."

ಕೊಟ್ಟದ್ದು ಖರೆ. ಆದ್ರ ನಾವು ಬಿಕಾಂ ಮಂದಿ. ಒಂದು ಖಾತೆಗೆ ಜಮಾ ಆಯ್ತಂದ್ರ ಇನ್ನೊಂದು ಖಾತೆಗೆ ಖರ್ಚು ಬಿದ್ದಿರಲೇಬೇಕು, ಇದು ನಾವು ಕಲಿತ ಮೊದಲ ಪಾಠ. ಜಮಾ ಆದದ್ದನ್ನು ಟಿವಿಯಾಗ ಎಲ್ಲರೂ ನೋಡಿದ್ವಿ. ಯಾವ ಖಾತೆಯಿಂದ ತೆಗೆದರು? ತೆಗೆಯುವಾಗ ಆ ಖಾತೆ ಯಾರದೋ ಅವರನ್ನು ಕೇಳಿದ್ರಾ?

ಕೇಳಲಿಲ್ಲ. ನಮ್ಮ ಪರವಾಗಿ ಕೇಳಿಸಿಕೊಳ್ಳಬೇಕಾದ ಕುರ್ಚಿಗಳೇ ಖಾಲಿ ಇದ್ವು. ಅದನ್ನ ಲೆಕ್ಕ ಸಮೇತ ಹೇಳ್ತೀನಿ.

2/8
ಮೊದಲ ಖಾತೆ: ಸಂಸದರ ಪ್ರದೇಶಾಭಿವೃದ್ಧಿ ನಿಧಿ.

ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ. ಕುಡಿಯುವ ನೀರು, ಶಾಲೆ ಕೊಠಡಿ, ಬಸ್ ತಂಗುದಾಣ, ಇಂಥ ಊರಿನ ಕೆಲಸಕ್ಕೆ ಇರೋ ದುಡ್ಡು. 2020ರ ಏಪ್ರಿಲ್ 6ರಂದು ಕೇಂದ್ರ ಸಂಪುಟ ಇದನ್ನು 2020-21 ಮತ್ತು 2021-22, ಎರಡು ವರ್ಷ ನಿಲ್ಲಿಸಿತು. ಇಡೀ ದೇಶದ 7,900 ಕೋಟಿ ದಿಲ್ಲಿಯ ಸಂಚಿತ ನಿಧಿಗೆ ಹೋಯಿತು. 2021ರ ನವೆಂಬರ್‌ನಲ್ಲಿ ಯೋಜನೆ ಮತ್ತೆ ಶುರು ಆದಾಗ ಆ ವರ್ಷದ ಬಾಕಿ ಅವಧಿಗೆ ಕೊಟ್ಟದ್ದು ತಲಾ 2 ಕೋಟಿ.

ಈಗ ಕೊಪ್ಪಳದ ಲೆಕ್ಕ ಹಾಕ್ರಿ. ಎರಡು ವರ್ಷಕ್ಕೆ ಬರಬೇಕಾದದ್ದು 10 ಕೋಟಿ, ಕೊಟ್ಟದ್ದು 2. ನಮ್ಮ ಲೋಕಸಭಾ ಕ್ಷೇತ್ರದಾಗ ಎಂಟು ವಿಧಾನಸಭಾ ಕ್ಷೇತ್ರ ಅದಾವ. ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ, ಅದರ ಜೊತೆ ಸಿಂಧನೂರು, ಮಸ್ಕಿ, ಸಿರುಗುಪ್ಪ. ಅಂದ್ರ ಒಂದೊಂದಕ್ಕೆ ಸರಾಸರಿ 1 ಕೋಟಿ ಕಡಿತ.

ದೇಶಕ್ಕೆ ಆಪತ್ತು ಬಂದಾಗ ನಮ್ಮ ಜಿಲ್ಲೆಯೂ ಪಾಲು ಕೊಡಬೇಕು, ಕೊಟ್ಟೀವಿ. ಆದ್ರ ಕುಷ್ಟಗಿಯ ಒಣ ಊರಿನ ನೀರಿನ ಟಾಕಿ ದುಡ್ಡು ದಿಲ್ಲಿಗೆ ಹೋಗಿ ಏನಾಗಿ ವಾಪಸ್ ಬಂತು ಅಂತ ಯಾರಾದರೂ ಆ ಊರಿಗೆ ಒಂದು ಚೀಟಿ ಕಳಿಸಿದ್ರಾ?

3/8
ಎರಡನೇ ಖಾತೆ ಇನ್ನೂ ಸಂಕಟದ್ದು: ಕಟ್ಟಡ ಕಾರ್ಮಿಕರ ಕಲ್ಯಾಣ ನಿಧಿ.

ಆಗಿದ್ದ 1996ರ ಕಾನೂನು ಪ್ರಕಾರ ಕಟ್ಟಡ ಕಟ್ಟಿಸುವವರು ವೆಚ್ಚದ ಶೇ 1ರಷ್ಟು ಸೆಸ್ ಕಟ್ಟಬೇಕಿತ್ತು. ಆ ದುಡ್ಡು ಕಾರ್ಮಿಕರ ಪಿಂಚಣಿಗೆ, ಅಪಘಾತಕ್ಕೆ, ಮಕ್ಕಳ ಓದಿಗೆ. 2020ರ ಮಾರ್ಚ್ 26ರಂದು ಕೇಂದ್ರ ಹಣಕಾಸು ಸಚಿವರು ಪ್ಯಾಕೇಜ್ ಘೋಷಿಸಿದಾಗ ಈ ನಿಧಿಯ ಸುಮಾರು 31,000 ಕೋಟಿಯನ್ನೂ ಅದರಾಗ ಸೇರಿಸಿ ಹೇಳಿದ್ರು. ರಾಜ್ಯಗಳು ಅದನ್ನ ಬಳಸಲಿ ಅಂದ್ರು. ಕಾರ್ಮಿಕರ ಹೆಸರಿನ್ಯಾಗ ಮೊದಲೇ ಜಮಾ ಆಗಿದ್ದ ದುಡ್ಡು ಹೊಸ ಪರಿಹಾರ ಆಗಿದ್ದು ಹಿಂಗ. ನಮ್ಮ ಹಗೇವಿನ ಜ್ವಾಳ ತೆಗೆದು ನಮಗೇ ದಾನ ಕೊಟ್ಟಂಗ.

ಕರ್ನಾಟಕದಾಗ ಮೊದಲು 2,000, ಆಮೇಲೆ 2020ರ ಮೇ 6ರ ಪ್ಯಾಕೇಜಿನಾಗ ಇನ್ನೂ 3,000, ಒಟ್ಟು 5,000 ರೂಪಾಯಿ. 2021ರಾಗ 3,000. ಅದೂ ನೋಂದಣಿ ಕಾರ್ಡ್ ಇದ್ದವರಿಗೆ. ಯಲಬುರ್ಗಾ, ಕುಷ್ಟಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗಿ ಕಲ್ಲು ಹೊತ್ತವರಾಗ ಎಷ್ಟು ಮಂದಿ ಹತ್ರ ಆ ಕಾರ್ಡ್ ಇತ್ತು? ನಿಮ್ಮ ಓಣಿಯಾಗೇ ಕೇಳಿ ನೋಡ್ರಿ.

ಇನ್ನೊಂದು ಮರೀಬ್ಯಾಡ್ರಿ. ಆ ಪ್ಯಾಕೇಜ್ ಬಂದ ಅದೇ ವಾರ ವಲಸೆ ಕಾರ್ಮಿಕರ ರೈಲುಗಳನ್ನು ರಾಜ್ಯ ಸರ್ಕಾರ ರದ್ದು ಮಾಡಿತ್ತು. ದೇಶವೆಲ್ಲಾ ಟೀಕೆ ಮಾಡಿದ ಮೇಲೆ ಮತ್ತೆ ಬಿಟ್ಟರು. ಅವರ ದುಡ್ಡು ಅವರಿಗೇ ಪರಿಹಾರ ಅಂತ ಕೊಟ್ಟು, ಊರಿಗೆ ಹೋಗೋ ದಾರಿ ಮಾತ್ರ ಮುಚ್ಚಿದ್ರು.

4/8
ಈಗ ಕುರ್ಚಿ ವಿಷಯಕ್ಕೆ ಬರ್ತೀನಿ.

2018ರಾಗ ರಾಜ್ಯದ ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿಗೆ ಚುನಾವಣೆ ಆಯ್ತು. ಸದಸ್ಯರು ಗೆದ್ದರು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ತಕರಾರು ಕೋರ್ಟಿಗೆ ಹೋಗಿ, ಆ ಕುರ್ಚಿಗಳು ತುಂಬಿದ್ದು 2020ರ ಕೊನೆಗೆ. ಅಂದ್ರ ಲಾಕ್‌ಡೌನ್ ಹೊತ್ತಿನ್ಯಾಗ ಪಟ್ಟಣದ ದುಡ್ಡಿನ ಬಗ್ಗೆ ಸಹಿ ಹಾಕಿದವರು ಆಡಳಿತಾಧಿಕಾರಿಗಳು.

ಹಳ್ಳಿ ಕಡೆ? 2020ರ ನಡುವೆ ಗ್ರಾಮ ಪಂಚಾಯ್ತಿಗಳ ಅವಧಿ ಮುಗೀತು. ಅಲ್ಲಿಯೂ ಆಡಳಿತಾಧಿಕಾರಿ. ಚುನಾವಣೆ ಆಗಿದ್ದು ಡಿಸೆಂಬರ್‌ನಾಗ.

ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಅವಧಿ 2021ರಾಗ ಮುಗೀತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಅಂತ ವರ್ಷಗಟ್ಟಲೆ ಚುನಾವಣೆಯೇ ನಡೀಲಿಲ್ಲ. ಪಕ್ಷ ಬದಲಾಯ್ತು, ಮುಖ್ಯಮಂತ್ರಿ ಬದಲಾದ್ರು, ಆ ಕುರ್ಚಿ ಖಾಲಿನೇ ಉಳೀತು. ಈ ವಿಷಯದಾಗ ಯಾವ ಪಕ್ಷದವರೂ ಇನ್ನೊಬ್ಬರ ಕಡೆ ಬೆರಳು ತೋರಿಸಂಗಿಲ್ಲ.

ಆಡಳಿತಾಧಿಕಾರಿ ಒಳ್ಳೆಯವರೇ ಇರಬಹುದು, ಹಗಲು ರಾತ್ರಿ ದುಡಿದಿರಬಹುದು. ಆದ್ರ ವರ್ಗ ಆಗಿ ಹೋದ ಮೇಲೆ ಅವರನ್ನ ಚಹಾದಂಗಡಿ ಮುಂದ ನಿಲ್ಲಿಸಿ "ಏನ್ರೀ, ನಮ್ಮ ವಾರ್ಡಿನ ದುಡ್ಡು ಏನಾಯ್ತು?" ಅಂತ ಕೇಳಾಕ ಬರೂದಿಲ್ಲ. ಸದಸ್ಯರನ್ನ ಕೇಳಾಕ ಬರ್ತೈತಿ. ವ್ಯತ್ಯಾಸ ಇಷ್ಟೇ, ಆದ್ರ ದೊಡ್ಡದು.

5/8
ಮೂರನೇ ಖಾತೆ: 15ನೇ ಹಣಕಾಸು ಆಯೋಗದ ಅನುದಾನ.

2021ರ ಮೇ 8ರಂದು, ಎರಡನೇ ಅಲೆ ಉರೀತಿದ್ದಾಗ, ಕೇಂದ್ರವು 25 ರಾಜ್ಯಗಳ ಪಂಚಾಯ್ತಿಗಳಿಗೆ 8,923.8 ಕೋಟಿ ರೂಪಾಯಿ ಮುಂಚಿತವಾಗಿ ಬಿಡುಗಡೆ ಮಾಡಿತು. ಇದು ಅನಿರ್ಬಂಧಿತ ಅನುದಾನ. ಕೋವಿಡ್ ತಡೆಗೂ ಬಳಸಬಹುದು ಅಂತ ಹೇಳಿದ್ರು. ಲೆಕ್ಕಪತ್ರ ಆನ್‌ಲೈನ್‌ನಾಗ ಹಾಕಿರಬೇಕು ಅನ್ನೋ ಷರತ್ತನ್ನೂ ಆ ಕಂತಿಗೆ ಸಡಿಲಿಸಿದ್ರು.

ಅನಿರ್ಬಂಧಿತ ಅಂದ್ರ ಏನು? ಈ ಆಯೋಗದ 2021-26ರ ನಿಯಮದಾಗ ಪಂಚಾಯ್ತಿಗೆ ಬರೋ 100 ರೂಪಾಯಿಯಾಗ 60 ಕಟ್ಟಿಹಾಕಿದ ದುಡ್ಡು: 30 ನೈರ್ಮಲ್ಯಕ್ಕೆ, 30 ನೀರಿಗೆ. ಉಳಿದ 40 ಮಾತ್ರ ಊರಿನವರು ಕೂತು ತೀರ್ಮಾನ ಮಾಡೋದು. ಸಂಬಳಕ್ಕೆ ಬಳಸಂಗಿಲ್ಲ, ಅಷ್ಟೇ. ಬೀದಿ ದೀಪ, ಹಳ್ಳದ ದಾರಿ, ಓದೋ ಹುಡುಗರಿಗೆ ಬೇಕಾದದ್ದು, ಏನೇ ಆಗಲಿ ಊರಿಗೆ ತನ್ನ ಇಚ್ಛೆ ಅಂತ ಇರೋದು ಈ 40 ರೂಪಾಯಿಯಾಗ. ಕೋವಿಡ್ ಖರ್ಚು ಬಿದ್ದದ್ದೂ ಇದರ ಮ್ಯಾಲೆ.

ಆಗ ಗ್ರಾಮ ಪಂಚಾಯ್ತಿಯಾಗ ಹೊಸ ಸದಸ್ಯರು ಇದ್ರು, ಒಪ್ತೀನಿ. ಆದ್ರ ಲಾಕ್‌ಡೌನ್‌ನಾಗ ಗ್ರಾಮಸಭೆ ಕೂಡಂಗಿರಲಿಲ್ಲ. ದುಡ್ಡು ಬಂತು, ಹೋಯ್ತು. ಊರು ಮನ್ಯಾಗ ಕೂತಿತ್ತು.

6/8
"ಮನಿಗೆ ಬೆಂಕಿ ಬಿದ್ದಾಗ ಮೀಟಿಂಗ್ ಕರೀಬೇಕೇನೋ?" ಅಂತ ನಿಮ್ಮಾಗ ಯಾರಾದರೂ ಕೇಳ್ತೀರಿ. ನ್ಯಾಯವಾದ ಪ್ರಶ್ನೆ.

ಉತ್ತರ: ಬೆಂಕಿ ಆರಿಸುವಾಗ ಬ್ಯಾಡ. ಆಕ್ಸಿಜನ್ ಬೇಕಾದಾಗ ಯಾರ ಖಾತೆ ಅಂತ ನೋಡಬಾರದು. ಆದ್ರ ಬೆಂಕಿ ಆರಿ ವರ್ಷಗಳಾದವು. ನೆರೆಮನೆಯಿಂದ ತಂದ ಕೊಡ ವಾಪಸ್ ಕೊಡೋದು ನಮ್ಮ ಕಡೆ ರೀತಿ. ಕೊಡ ಒಡೆದಿದ್ರ "ಒಡೀತವ್ವಾ" ಅಂತ ಹೇಳೋದೂ ರೀತಿ. ಯಾವ ಖಾತೆಯಿಂದ ಎಷ್ಟು ತೆಗೆದ್ರು, ಎಲ್ಲಿ ಹಾಕಿದ್ರು, ಎಷ್ಟು ಉಳೀತು, ತುಂಬಿ ಕೊಡ್ತಾರೋ ಇಲ್ಲೋ: ಈ ನಾಲ್ಕು ಸಾಲು ಪ್ರತಿ ಪಂಚಾಯ್ತಿ, ಪ್ರತಿ ನಗರಸಭೆ ಗೋಡೆ ಮ್ಯಾಲೆ ಕನ್ನಡದಾಗ ಇರಬೇಕಿತ್ತು. ತುರ್ತು ಅನ್ನೋದು ಕೇಳದೇ ತೆಗೆಯೋಕೆ ನೆಪ ಆಗಬಹುದು. ತೆಗೆದ ಮೇಲೆ ಹೇಳದೇ ಇರೋಕೆ ಆಗಂಗಿಲ್ಲ.

7/8
"ಹಳೇ ಕಥಿ, ಈಗ್ಯಾಕ?" ಅಂದ್ರ, ಇದು ಬರೀ ಹಳೇದಲ್ಲ. ಚುನಾಯಿತ ಸಮಿತಿ ಇರೋ ಪಂಚಾಯ್ತಿಗೇ ಹಣಕಾಸು ಆಯೋಗದ ದುಡ್ಡು ಅನ್ನೋದು ಕೇಂದ್ರದ ಷರತ್ತು. ಅಂದ್ರ ಖಾಲಿ ಕುರ್ಚಿಯಿಂದ ಮೊದಲು ಪ್ರಶ್ನೆ ಹೋಗ್ತೈತಿ, ಆಮ್ಯಾಲ ದುಡ್ಡೇ ಹೋಗ್ತೈತಿ. 15ನೇ ಆಯೋಗದ ಅವಧಿ 2026ರ ಮಾರ್ಚ್‌ವರೆಗೆ. ಏಪ್ರಿಲ್‌ನಿಂದ ಐದು ವರ್ಷ 16ನೇ ಆಯೋಗದ್ದು. ನಾವು ಡಿಗ್ರಿ ಮುಗಿಸಿ ಕೆಲಸ ಹುಡುಕೋ ಐದೂ ವರ್ಷ ನಮ್ಮೂರಿನ ದುಡ್ಡು ಆ ಲೆಕ್ಕದಾಗ ಬರ್ತೈತಿ.

ಮುಂದಿನ ಆಪತ್ತು ಬರಗಾಲವೋ, ನೆರೆಯೋ, ಇನ್ನೊಂದು ರೋಗವೋ ಗೊತ್ತಿಲ್ಲ. ಬಂದಾಗ ಮತ್ತೆ ಇದೇ ಖಾತೆಗಳಿಗೆ ಕೈ ಹಾಕ್ತಾರ. ಅವತ್ತೂ ಕುರ್ಚಿ ಖಾಲಿ ಇರಬೇಕಾ?

8/8
ಬರೀ ಲೈಕ್ ಕೊಟ್ಟು ಹೋಗಬ್ಯಾಡ್ರಿ. ಮೂರು ಕೆಲಸ ಅದಾವ.

ಒಂದು: ಇ-ಗ್ರಾಮಸ್ವರಾಜ್ ಪೋರ್ಟಲ್ ತೆಗೀರಿ. ಜಿಲ್ಲೆ, ತಾಲ್ಲೂಕು, ನಿಮ್ಮ ಪಂಚಾಯ್ತಿ ಹಾಕಿ 2020-21, 2021-22ರ ಖರ್ಚು ನೋಡ್ರಿ. ಟ್ಯಾಲಿ ಕಲಿತವರಿಗೆ ಇದು ಅರ್ಧ ತಾಸಿನ ಕೆಲಸ.

ಎರಡು: ಅಲ್ಲಿ ಅರ್ಥ ಆಗದ್ದಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕ್ರಿ. ಶುಲ್ಕ 10 ರೂಪಾಯಿ, ಕನ್ನಡದಾಗೇ ಬರೀಬಹುದು, 30 ದಿನದಾಗ ಉತ್ತರ ಕೊಡಬೇಕು. ಪಟ್ಟಣದವರು ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿಗೆ ಹಾಕ್ರಿ. ಕೇಳಬೇಕಾದದ್ದು ಆ ನಾಲ್ಕು ಸಾಲು.

ಮೂರು: ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೀಬೇಕು ಅನ್ನೋದು ಕಾನೂನು. 18 ತುಂಬಿ ಮತದಾರರ ಪಟ್ಟಿಯಾಗ ಹೆಸರಿದ್ರ ನೀವೂ ಅದರ ಸದಸ್ಯರು. ಹುಡುಗಿಯರೇ, ನೀವೂ ಬರ್ರಿ, ಮುಂದಿನ ಸಾಲಿನ್ಯಾಗ ಕೂಡ್ರಿ. ಜಿಲ್ಲಾ, ತಾಲ್ಲೂಕು ಪಂಚಾಯ್ತಿ ವಿಷಯಾನೂ ಅಲ್ಲೇ ಎತ್ರಿ, ನಡಾವಳಿ ಪುಸ್ತಕದಾಗ ಬರೆಸ್ರಿ. ಬಾಯಿಮಾತು ಗಾಳಿಗೆ ಹೋಗ್ತೈತಿ, ಬರೆಸಿದ್ದು ಉಳೀತೈತಿ.

ಕಾಮೆಂಟಿನ್ಯಾಗ ನಿಮ್ಮ ಪಂಚಾಯ್ತಿ ಹೆಸರು ಹಾಕ್ರಿ. ಒಂದೇ ಪಂಚಾಯ್ತಿಯವರು ಇಬ್ಬರು ಸಿಕ್ಕರೂ ಸಾಕು, ಅರ್ಜಿ ಕೂಡಿ ಬರಿಯೋಣ.